ಅಕ್ಷರಕ್ಕಾಗಿ ಅರ್ಜಿ

ದಾಂಡೇಲಿಯ ಬಂಗೂರನಗರದಲ್ಲಿ ವಾಸಿಸುವವರಿಗೆ ಕಾಗದವು ಅಪರೂಪದ ಪದಾರ್ಥವಲ್ಲ. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು ಇಲ್ಲಿ ಕಾಳೀನದಿಯ ದಡದಲ್ಲಿರುವದು. ನಮ್ಮ ಈ ನಗರವು ಬೆಳೆದುದೂ ಅದರ ಆಶ್ರಯದಲ್ಲಿಯೇ. ಮೂವತ್ತು ವರ್ಷಗಳಿಗೂ ಮಿಕ್ಕಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ನಿವೃತ್ತನಾದ ನಾನು, ಆಯುಷ್ಯದ ಬಹುಭಾಗವನ್ನು ಕಾಗದದ ಮೇಲಣ ಅಕ್ಷರಗಳ ಸಹವಾಸದಲ್ಲಿಯೇ ಕಳೆದವನು. ಇಂಥವನು ಗಣಕಯಂತ್ರದ ಅಕ್ಷರಗಳನ್ನು ಕುರಿತು ಬರೆಯಲು ಹೊರಟಿರುವದನ್ನು ಕಂಡು ಕೆಲವು ವಾಚಕರು ನಕ್ಕಾರು. ನಗಲಿ, ಆದರೆ ಕೊನೆಯವರೆಗೆ ಓದಲಿ. ಯಾಕಂದರೆ ಈ ವಿಷಯವು ಯಂತ್ರಜ್ಞರಿಗೆ ಮಾತ್ರ ಸಂಬಂಧಿಸಿದುದಲ್ಲ, ಮನೆಯಲ್ಲಿ ಓದು ಬಲ್ಲವರಿರುವ ಪ್ರತಿಯೊಂದು ಕುಟುಂಬಕ್ಕೂ ಸಂಬಂಧಿಸಿದುದು.

ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಪದವಿಯ ತರಗತಿಯಲ್ಲಿ ಗಣಕಶಾಸ್ತ್ರವನ್ನು ಓದುತ್ತಿರುವಳು. ಹತ್ತನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವಳು. ಅವಳ ತಂದೆಯದು ಚಿಕ್ಕ ಕಿರಾಣಿ ಅಂಗಡಿ. ತಂದೆಯ ಉದ್ರಿ ಲೆಕ್ಕವನ್ನು ಯಂತ್ರದಲ್ಲಿ ಇಡುವದಕ್ಕಾಗಿ ಅವಳು ತಾನೇ ಒಂದು ಕ್ರಮವಿಧಿಯನ್ನು ಬರೆದಳು. ಗಿರಾಕಿಗಳ ಹೆಸರು, ಸಾಮಾನು, ಬಾಕಿ ಇವೆಲ್ಲ ಕನ್ನಡದಲ್ಲಿಯೇ ಇರಬೇಕೆಂದು ಅವಳ ಇಚ್ಛೆ. ಯಾಕಂದರೆ ಅಂಗಡಿಯಲ್ಲಿ ಕೂಡ್ರುವ ತಾಯಿಗೆ ಕನ್ನಡವೇ ಬರುವದು. ಆದರೆ ಅವಳು ಕೆಲಸ ಮಾಡುವ ಕಿಟಕಿಯಲ್ಲಿ ಕನ್ನಡದ ಹೆಸರುಗಳು ಬಂದೊಡನೆ ಅಂಕಣಗಳು ಸೊಟ್ಟಗಾಗುತ್ತಿದ್ದವು. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತಿದ್ದವು. ದಕಾರ ಧಕಾರಗಳ ಭೇದವೇ ಕಾಣುತ್ತಿರಲಿಲ್ಲ. ಅದನ್ನು ನನಗೆ ತೋರಿಸಿ, “ಸರ್, ಇಂಗ್ಲಿಷಿನಲ್ಲಿ ಬರೆದರೆ ಎಲ್ಲ ಸಾಲಿಗೆ ಸರಿಯಾಗಿ ನಿಲ್ಲುತ್ತದೆ. ಕನ್ನಡ ಇಂಥ ಕೆಲಸಕ್ಕೆ ಬರುವದಿಲ್ಲ ಅಂತ ಕಾಣುತ್ತದೆ” ಎಂದಳು.

ಈ ಮಾತು ನನಗೆ ಬಹಳ ದಿನ ಕೊರೆಯಿತು. ಅವಳು ಭಾಷೆಯನ್ನು ಹೀಗಳೆಯಲಿಲ್ಲ. ಕಣ್ಣಿಗೆ ಕಂಡುದರಿಂದ ಒಂದು ಅನುಮಾನವನ್ನು ಮಾಡಿದಳು, ಅಷ್ಟೇ. ಆದರೆ ಇಂಥ ಅನುಮಾನವನ್ನು ನೂರು ಜನ ಮಕ್ಕಳು ಮಾಡಿದರೆ ಅದೇ ಮುಂದೆ ಸಿದ್ಧಾಂತವಾಗುವದು. ಆದುದರಿಂದ ದೋಷವು ಎಲ್ಲಿದೆ, ಅದನ್ನು ಯಾರಲ್ಲಿ ಹೇಳಿಕೊಳ್ಳಬೇಕು ಎಂಬದನ್ನು ಅವಳಿಂದಲೇ ಪಾಠ ಹೇಳಿಸಿಕೊಂಡು ತಿಳಿಯಲು ಯತ್ನಿಸಿದೆನು. ತಿಳಿದಷ್ಟನ್ನು ವಾಚಕರ ಮುಂದೆ ಇಡುವೆನು.

ಇಂಥ ಕೆಲಸವನ್ನು ಇಂಥ ಕ್ರಮದಲ್ಲಿ ಮಾಡೆಂದು ಯಂತ್ರಕ್ಕೆ ಬರೆದುಕೊಡುವ ವಿಧಿವಾಕ್ಯಗಳಿಗೆ ಕೋಡ್ ಎಂದೂ, ಅವನ್ನು ಬರೆಯುವ ಕಾರ್ಯಕ್ಕೆ ಕೋಡಿಂಗ್ ಎಂದೂ ಹೆಸರು. ಒಂದೇ ಮಾದರಿಯಲ್ಲಿ ತಿದ್ದಿ ಸಿದ್ಧಪಡಿಸಿದ ಅಕ್ಷರಗಳ ಕಟ್ಟಿಗೆ ಫಾಂಟ್ ಎನ್ನುವರು. ಅಚ್ಚುಕೂಟದ ಮಾತಿನಲ್ಲಿ ಹೇಳುವದಾದರೆ ಒಂದು ಬಗೆಯ ಅಚ್ಚಿನ ಮೊಳೆಗಳ ಪೆಟ್ಟಿಗೆ. ಕೋಡಿಂಗಿಗೆಂದು ಮಾಡಿದ ಫಾಂಟಿಗೆ ಒಂದು ವಿಶೇಷ ನಿಯಮವುಂಟು. ಬೆರಳಚ್ಚು ಯಂತ್ರದಲ್ಲಿದ್ದಂತೆ ಪ್ರತಿಯೊಂದು ಅಕ್ಷರವೂ ಸಮಾನವಾದ ಅಗಲದ ಮನೆಯಲ್ಲಿ ಕೂಡ್ರಬೇಕು. ರೋಮನ್ ಲಿಪಿಯ ಕೃಶವಾದ ಐ ಅಕ್ಷರಕ್ಕೂ ಸ್ಥೂಲವಾದ ಡಬ್ಲ್ಯು ಅಕ್ಷರಕ್ಕೂ ಅಲ್ಲಿ ಒಂದೇ ಅಳತೆಯ ಸ್ಥಳ. ಇದರಿಂದ ಅಂಕೆಯ ಕೆಳಗೆ ಅಂಕೆ, ಚಿಹ್ನೆಯ ಕೆಳಗೆ ಚಿಹ್ನೆ ಬಂದು, ತಪ್ಪು ಇದ್ದರೆ ಬೇಗನೆ ಕಣ್ಣಿಗೆ ಬೀಳುವದು. ಅದರಂತೆ ಒಂದನ್ನೊಂದು ಹೋಲುವ ಅಕ್ಷರಗಳು ಸ್ಪಷ್ಟವಾಗಿ ಬೇರೆಯಾಗಿ ತೋರಬೇಕು. ಸೊನ್ನೆಯೂ ಓ ಎಂಬ ಅಕ್ಷರವೂ ಒಂದಾಗಿ ಕಾಣಬಾರದೆಂದು ಸೊನ್ನೆಯ ಹೊಟ್ಟೆಯಲ್ಲಿ ಗೀಟನ್ನೋ ಚುಕ್ಕೆಯನ್ನೋ ಇಡುವರು.

ಇಂಥ ಫಾಂಟುಗಳಲ್ಲಿ ಹೆಸರಾದವು ಅನೇಕ. 2012ರಲ್ಲಿ ಬಂದ ಸೋರ್ಸ್ ಕೋಡ್ ಪ್ರೊ, 2020ರಲ್ಲಿ ಬಂದ ಜೆಟ್‌ಬ್ರೇನ್ಸ್ ಮೋನೋ ಇವುಗಳಲ್ಲಿ ರೋಮನ್ ಲಿಪಿಯಲ್ಲದೆ ಗ್ರೀಕ್ ಮತ್ತು ರಷ್ಯನ್ ಭಾಷೆಯ ಅಕ್ಷರಗಳೂ ಇರುವವು, ಕನ್ನಡವು ಇಲ್ಲ. ತನ್ನಲ್ಲಿ ಇಲ್ಲದ ಅಕ್ಷರ ಬಂದಾಗ ಯಂತ್ರವು ಬೇರೊಂದು ಪೆಟ್ಟಿಗೆಯಿಂದ ಸಾಲ ತಂದು ತೋರಿಸುವದು. ಸಾಲದ ಅಕ್ಷರದ ಅಳತೆ ಬೇರೆ, ಎತ್ತರ ಬೇರೆ. ಹುಡುಗಿಯ ಉದ್ರಿ ಪುಸ್ತಕವು ಸೊಟ್ಟಗಾದುದಕ್ಕೆ ಇದೇ ಕಾರಣ. ಕನ್ನಡದಲ್ಲಿ ಮುಕ್ತವಾದ ಫಾಂಟುಗಳೇ ಇಲ್ಲವೆಂದು ಇದರ ಅರ್ಥವಲ್ಲ. ಲೋಹಿತ್, ಗುಬ್ಬಿ, ನವಿಲು, ನೋಟೋ, 2022ರಲ್ಲಿ ಹೊರಟ ಅನೇಕ್ ಮುಂತಾದವು ಓದುವದಕ್ಕೆ ಸೊಗಸಾಗಿಯೇ ಇರುವವು. ಆದರೆ ಅವು ಪುಸ್ತಕದ ಪುಟಕ್ಕೂ ಪತ್ರದ ಹಾಳೆಗೂ ಮಾಡಿದ ಅಕ್ಷರಗಳು, ಚೌಕದ ಮನೆಗಳಲ್ಲಿ ಕೂಡ್ರುವದಕ್ಕೆ ಮಾಡಿದವಲ್ಲ.

ಇಲ್ಲಿ ಮುಕ್ತ ಎಂಬ ಶಬ್ದವನ್ನು ವಿವರಿಸಬೇಕು. ಇಂಥ ಫಾಂಟುಗಳಲ್ಲಿ ಬಹಳಷ್ಟು 2007ರಲ್ಲಿ ಪ್ರಕಟವಾದ ಒಂದು ಲೋಕಪ್ರಸಿದ್ಧ ಪರವಾನಿಗೆಯ ಮೇರೆಗೆ ಹಂಚಲ್ಪಡುವವು. ಅದರ ಪ್ರಕಾರ ಯಾರು ಬೇಕಾದರೂ ಆ ಅಕ್ಷರಗಳನ್ನು ಬಳಸಬಹುದು, ಒಳಗಿನ ರಚನೆಯನ್ನು ಅಭ್ಯಸಿಸಬಹುದು, ತಿದ್ದಬಹುದು, ತಿದ್ದಿದುದನ್ನು ಇತರರಿಗೆ ಕೊಡಬಹುದು. ಕೇವಲ ಫಾಂಟನ್ನೇ ಸರಕಾಗಿ ಮಾರುವಂತಿಲ್ಲ. ಈ ಧರ್ಮವು ನಮಗೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ನಾವು ಮಕ್ಕಳಿಗೆ ಕಲಿಸುತ್ತ ಬಂದಿದ್ದೇವೆ. ಅವಳು ಕಾವ್ಯವನ್ನು ದಾನಮಾಡಿದಳು. ಇವರು ಕಾವ್ಯವನ್ನು ಬರೆಯುವ ಅಕ್ಷರವನ್ನೇ ದಾನಮಾಡುತ್ತಿರುವರು. ಆದರೆ ದಾನವನ್ನು ಬೇಡುವವನಿಗೂ ಒಂದು ರೀತಿಯಿರುವದು. ಈ ಲೇಖನದ ಮುಖ್ಯ ಮಾತು ಅದೇ.

ಹುಡುಗಿಯೂ ಅವಳ ಸಹಪಾಠಿಗಳೂ ಕೂಡಿ ಇಂಥ ಒಂದು ಫಾಂಟನ್ನು ಮಾಡುವವನಿಗೆ ಪತ್ರ ಬರೆದರು. ಕೋಟಿಗಟ್ಟಲೆ ಜನರಾಡುವ ಪ್ರಾಚೀನ ಭಾಷೆಗೆ ಅನ್ಯಾಯವಾಗಿದೆ, ಕೂಡಲೇ ಕನ್ನಡವನ್ನು ಸೇರಿಸಬೇಕು ಎಂಬದಿಷ್ಟೇ ಅದರ ಸಾರ. ಆ ರೂಪಕಾರನು ದೂರದೇಶದವನು. ಹೊಟ್ಟೆಪಾಡಿಗೆ ಬೇರೆ ಉದ್ಯೋಗ ಮಾಡಿ, ಉಳಿದ ವೇಳೆಯಲ್ಲಿ ಈ ಕೆಲಸವನ್ನು ಪ್ರತಿಫಲವಿಲ್ಲದೆ ಮಾಡುವವನು. ಅವನು ಸಿಟ್ಟಾಗಲಿಲ್ಲ. “ನಿಮ್ಮ ಲಿಪಿಯನ್ನು ನಾನು ಅರಿಯೆ. ಯಾವ ಅಕ್ಷರ, ಯಾವದರ ಕೂಡ ಸೇರಿದಾಗ ಹೇಗೆ ಕಾಣಬೇಕು, ಯಾವದನ್ನು ಯಾವದೆಂದು ಜನ ತಪ್ಪಾಗಿ ಓದುವರು, ಇವನ್ನು ಬರೆದು ಕಳಿಸಿರಿ; ಒಳ್ಳೆಯ ಮುದ್ರಣದ ಚಿತ್ರಗಳಿದ್ದರೆ ಅವನ್ನೂ ಕಳಿಸಿರಿ” ಎಂಬರ್ಥದ ಉತ್ತರ ಕೊಟ್ಟನು. ಹುಡುಗರು ಆ ಉತ್ತರವನ್ನು ಹಿಡಿದುಕೊಂಡು ನನ್ನ ಮನೆಗೆ ಬಂದರು. ಅವರಿಗೆ ಯಂತ್ರ ಗೊತ್ತು, ಲಿಪಿಯ ಶಾಸ್ತ್ರ ಗೊತ್ತಿಲ್ಲ. ನನಗೆ ಲಿಪಿ ಗೊತ್ತು, ಯಂತ್ರ ಗೊತ್ತಿಲ್ಲ. ಆ ರೂಪಕಾರನಿಗೆ ಕೈಚಳಕ ಉಂಟು, ಕನ್ನಡವಿಲ್ಲ. ಮೂವರೂ ಬೇರೆಬೇರೆಯಾಗಿ ಕುಳಿತರೆ ಅಕ್ಷರವು ಎಂದಿಗೂ ಹುಟ್ಟದು.

ಮೊದಲು ತಿಳಿದುಕೊಳ್ಳಬೇಕಾದುದೇನೆಂದರೆ, ಯಂತ್ರದಲ್ಲಿ ಅಕ್ಷರವು ಕಾಣಿಸಿಕೊಳ್ಳುವದಕ್ಕೆ ಮೂರು ಬಾಗಿಲುಗಳನ್ನು ದಾಟಿ ಬರಬೇಕು. ಮೊದಲನೆಯದು ಯೂನಿಕೋಡ್ ಎಂಬ ಸರ್ವಲಿಪಿಗಳ ಖಾತೆಯಲ್ಲಿ ಅದಕ್ಕೊಂದು ಸಂಖ್ಯೆ ಸಿಕ್ಕಬೇಕು. ಎರಡನೆಯದು ಆ ಸಂಖ್ಯೆಗೆ ಫಾಂಟಿನಲ್ಲಿ ಒಂದು ರೂಪವಿರಬೇಕು. ಮೂರನೆಯದು ಬರೆಯುವ ಕಿಟಕಿಯು ಆ ರೂಪಗಳನ್ನು ಜೋಡಿಸಿ, ಒತ್ತನ್ನು ಒತ್ತಿನ ಜಾಗದಲ್ಲಿ, ಅರ್ಕಾವೊತ್ತನ್ನು ಅದರ ಜಾಗದಲ್ಲಿ ಇಟ್ಟು ತೋರಿಸಬೇಕು. ಸಂಖ್ಯೆಯಿಲ್ಲವೆಂಬ ದೂರನ್ನು ಫಾಂಟಿನವನಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಕಿಟಕಿಯ ದೋಷಕ್ಕೆ ಅವನನ್ನು ಬಯ್ದರೆ ಅನ್ಯಾಯ.

ಮೊದಲನೆಯ ಬಾಗಿಲಿನಲ್ಲಿ ಬಲ್ಲವರು ನಿಂತು ಕೇಳದಿದ್ದರೆ ಏನಾಗುವದೆಂಬದಕ್ಕೆ ಒಂದು ನಿದರ್ಶನವು ಶಾಶ್ವತವಾಗಿ ಉಳಿದಿರುವದು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳ ಒಂದು ಓಣಿ ದೊರೆಯಿತು. ಅದರಲ್ಲಿ ನಮ್ಮ ಹಳಗನ್ನಡದ ೞ ಅಕ್ಷರಕ್ಕೂ ಮನೆ ಸಿಕ್ಕಿತು. ಏೞು, ಬಾೞ್ ಮುಂತಾದ ಮಾತುಗಳಲ್ಲಿದ್ದ ಅಕ್ಷರವಿದು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇದರ ಪ್ರಯೋಗವನ್ನು ವಿಚಾರಿಸಿರುವನು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಹೊರಬಂದ ಕಿಟ್ಟೆಲರ ಕೋಶದಲ್ಲಿ ಇದಕ್ಕೆ ಮೊಳೆಯೂ ಇದ್ದಿತು. ಆದರೆ ಯೂನಿಕೋಡಿನ ಖಾತೆಯಲ್ಲಿ ಇದರ ಹೆಸರು ‘ಫ’ ಎಂದು ದಾಖಲಾಯಿತು! ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಆ ಮಂಡಲಿಯ ನಿಯಮ. ಆದುದರಿಂದ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಪಕ್ಕದಲ್ಲಿ ಬರೆದುಕೊಂಡಿರುವರೇ ಹೊರತು, ಮೂಲದ ತಪ್ಪು ಹಾಗೆಯೇ ಉಳಿದಿದೆ. ಎಣ್ಣೂರು ವರ್ಷಗಳ ಹಿಂದಿನ ವೈಯಾಕರಣನಿಗೆ ತಿಳಿದಿದ್ದ ವಿಷಯವು ಆ ಹೊತ್ತಿಗೆ ಆ ಮೇಜಿನ ಮೇಲೆ ಇರಲಿಲ್ಲ.

ಬಲ್ಲವರು ಪ್ರಮಾಣಸಹಿತ ಕೇಳಿದಾಗ ಆಗುವದೇ ಬೇರೆ. ಹಳಗನ್ನಡದ ನಕಾರಪೊಲ್ಲಿಗೆ 2021ರಲ್ಲಿ ಸಂಖ್ಯೆ ದೊರೆಯಿತು. ಕೊಂಕಣಿಯನ್ನೂ ಹವ್ಯಕ ಕನ್ನಡವನ್ನೂ ನಮ್ಮ ಲಿಪಿಯಲ್ಲಿ ಬರೆಯುವಾಗ ಬೇಕಾಗುವ ಅನುನಾಸಿಕದ ಚಿಹ್ನೆಗೆ 2022ರಲ್ಲಿ ದೊರೆಯಿತು. ಈ ಎರಡನೆಯದು ನಮ್ಮ ಜಿಲ್ಲೆಯ ಮನೆಮಾತುಗಳಿಗೆ ಸಂಬಂಧಿಸಿದುದೆಂಬದನ್ನು ವಾಚಕರು ಗಮನಿಸಬೇಕು. ಜೋಯಿಡಾ ಕಡೆಯ ಕೊಂಕಣಿಗರು ‘ಹಾಂವ’ ಎನ್ನುವಾಗ ಮೂಗಿನಲ್ಲಿ ಹೊರಡುವ ಧ್ವನಿಯೂ, ನಾವು ‘ಅಂಕ’ ಎನ್ನುವಾಗಿನ ಅನುಸ್ವಾರವೂ ಒಂದೇ ಅಲ್ಲ. ಭೇದಕ್ಕೆ ಸಂಖ್ಯೆ ದೊರೆತಿದೆ. ಆದರೆ ಸಂಖ್ಯೆಯು ಖಾತೆಯಲ್ಲಿನ ಮನೆನಂಬರು ಮಾತ್ರ. ಮನೆಯನ್ನು ಕಟ್ಟಬೇಕಾದವನು ಫಾಂಟಿನವನು. ಅವನಿಗೆ ಹೇಳುವವರು ಯಾರು?

ನಾವು ಅರ್ಜಿಯನ್ನು ಹೊಸದಾಗಿ ಬರೆಯಲು ಕುಳಿತೆವು. ದೊಡ್ಡ ಹಾಳೆಯ ಮೇಲೆ ಅಡ್ಡ ಮೂವತ್ತನಾಲ್ಕು, ಉದ್ದ ಮೂವತ್ತನಾಲ್ಕು ಮನೆಗಳನ್ನು ಗೀಚಿದೆವು. ವ್ಯಂಜನಗಳು 34, ಪ್ರತಿಯೊಂದಕ್ಕೂ ಪ್ರತಿಯೊಂದರ ಒತ್ತು ಸೇರಬಹುದೆಂದು ಎಣಿಸಿದರೆ 1,156 ಜೋಡಿಗಳಾಗುವವು. ಇವೆಲ್ಲ ಭಾಷೆಯಲ್ಲಿ ಇಲ್ಲ. ನಿಜವಾಗಿ ಪ್ರಯೋಗದಲ್ಲಿರುವವನ್ನು ಮಾತ್ರ ಕೆಂಪು ಮಸಿಯಲ್ಲಿ ಗುರುತಿಸಿ, ಪ್ರತಿಯೊಂದಕ್ಕೂ ಒಂದು ಶಬ್ದವನ್ನು ಬರೆದೆವು. ವಾಙ್ಮಯ, ಊರ್ಧ್ವ, ತಾದಾತ್ಮ್ಯ, ವೈಶಿಷ್ಟ್ಯ, ಲಕ್ಷ್ಮೀ ಹೀಗೆ. ಕೊನೆಯ ಪರೀಕ್ಷೆಗೆಂದು ನಾನು ಕೊಟ್ಟ ಶಬ್ದವು ‘ಕಾರ್ತ್ಸ್ನ್ಯ’. ಒಂದರಮೇಲೊಂದು ಐದು ವ್ಯಂಜನಗಳು ಅದರಲ್ಲಿರುವವು. ಸಂಸ್ಕೃತದಲ್ಲಿ ಅದಕ್ಕೆ ಸಂಪೂರ್ಣತೆ ಎಂದರ್ಥ. ಈ ಶಬ್ದವು ಕೆಳಗಿನ ಸಾಲನ್ನು ಮುಟ್ಟದೆ ನಿಂತರೆ ಆ ಫಾಂಟಿಗೆ ಕಾರ್ತ್ಸ್ನ್ಯವು ಬಂದಿತೆಂದು ತಿಳಿಯಬಹುದು.

ಎರಡನೆಯ ಹಾಳೆಯಲ್ಲಿ ಒಂದನ್ನೊಂದು ಹೋಲುವ ಅಕ್ಷರಗಳನ್ನು ಬರೆದೆವು. ಇದು ಶಾಲಾಮಾಸ್ತರನ ಸ್ವಂತ ಸೀಮೆ. ಯಾವ ಮಗು ಯಾವ ಅಕ್ಷರದಲ್ಲಿ ಎಡವುವದೆಂಬದು ನಮಗೆ ಗೊತ್ತಿಲ್ಲದೆ ಮತ್ತಾರಿಗೆ ಗೊತ್ತು? ದ, ಧ, ಥ ಈ ಮೂರು, ಡ, ಢ, ಬ, ಭ, ಪ, ಫ. ಮಹಾಪ್ರಾಣದ ಹೊಟ್ಟೆಸೀಳು ಕಾಗದದ ಮೇಲೆ ಕಾಣುವದು. ಸಣ್ಣ ಅಕ್ಷರದ ಕಿಟಕಿಯಲ್ಲಿ ಮಾಯವಾಗುವದು. ಆದುದರಿಂದ ಕೋಡಿಂಗಿನ ಫಾಂಟಿನಲ್ಲಿ ಆ ಸೀಳು ತುಸು ಉದ್ದವಾಗಿರಬೇಕೆಂದು ಕೇಳಿಕೊಂಡೆವು. ಅದರಂತೆ ಅನುಸ್ವಾರದ ಸೊನ್ನೆಯೂ ಕನ್ನಡ ಅಂಕೆಯ ಸೊನ್ನೆಯೂ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆಬೇರೆ. ರೋಮನ್ ಸೊನ್ನೆಗೆ ಚುಕ್ಕೆಯಿಟ್ಟಂತೆ ನಮ್ಮ ಅಂಕೆಗೂ ಒಂದು ಗುರುತಿರಬೇಕೆಂದು ಬರೆದೆವು.

ಮೂರನೆಯದು ಅಗಲದ ಪ್ರಶ್ನೆ. ರ ಎಂಬ ಅಕ್ಷರವನ್ನೂ ಔ ಎಂಬ ಅಕ್ಷರವನ್ನೂ ಒಂದೇ ಮನೆಯಲ್ಲಿ ತುರುಕಿದರೆ ಮೊದಲನೆಯದು ಬಯಲಲ್ಲಿ ನಿಂತಂತೆಯೂ ಎರಡನೆಯದು ಉಸಿರುಗಟ್ಟಿದಂತೆಯೂ ಕಾಣುವದು. ಕೆ. ಅನಂತ ಸುಬ್ಬರಾಯರು ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸಿದಾಗ ಇಂಥದೇ ಸಂಕಟವನ್ನು ಎದುರಿಸಿರಬೇಕು. ಪ್ರತಿಯೊಂದು ಅಕ್ಷರಕ್ಕೆ ಒಂದೇ ಮನೆಯೆಂಬ ಹಟವನ್ನು ಬಿಟ್ಟು, ಅಗಲಕ್ಕೆ ತಕ್ಕಂತೆ ಒಂದು, ಎರಡು ಅಥವಾ ಮೂರು ಪೂರ್ಣ ಮನೆಗಳನ್ನು ಕೊಡಬೇಕೆಂದು ನಾವು ಸೂಚಿಸಿದೆವು. ಚೀನೀ ಅಕ್ಷರಗಳಿಗೆ ಇಂಥ ಕಿಟಕಿಗಳಲ್ಲಿ ಎರಡು ಮನೆ ಕೊಡುವ ರೂಢಿಯು ಮೊದಲೇ ಇರುವದು.

ನಾಲ್ಕನೆಯದು ಶೈಲಿಗಳ ವಿಷಯ. ಕೋಡ್ ಬರೆಯುವವರು ಮುಖ್ಯವಾದುದನ್ನು ದಪ್ಪಕ್ಷರದಲ್ಲಿಯೂ ಟಿಪ್ಪಣಿಯನ್ನು ಓರೆಯಕ್ಷರದಲ್ಲಿಯೂ ನೋಡಲು ಬಯಸುವರು. ದಪ್ಪಕ್ಷರದಲ್ಲಿ ನಮ್ಮ ಈ, ಖ, ಞ, ಣ ಮುಂತಾದವುಗಳ ಸುರುಳಿಗಳು ಕಣ್ಣು ಮುಚ್ಚಿಕೊಂಡು ಬರಿಯ ಕರಿಯ ಉಂಡೆಗಳಾಗುವವು. ಅಲ್ಲಿ ಒಳಗಿನ ಬೆಳಕನ್ನು ಕಾಯಬೇಕು. ಓರೆಯಕ್ಷರವೋ, ರೋಮನ್ ಲಿಪಿಯಲ್ಲಿ ಕೈಬರಹದಿಂದ ಹುಟ್ಟಿತು. ವೆನಿಸಿನಲ್ಲಿ 1501ರಲ್ಲಿ ಆಲ್ಡಸನು ಅಂಥ ಮೊಳೆಗಳಿಂದ ವರ್ಜಿಲ್ ಕವಿಯನ್ನು ಮುದ್ರಿಸಿದನು. ನಮ್ಮಲ್ಲಿಯೂ ಕಡತಗಳ ಮೋಡಿಬರಹದ ಪರಂಪರೆಯುಂಟು. ನೆಟ್ಟಗಿನ ಅಕ್ಷರವನ್ನು ಬರಿದೇ ವಾಲಿಸುವದಕ್ಕಿಂತ ಆ ಬರಹದ ಓಟವನ್ನು ನೋಡಿ ಹೊಸ ಶೈಲಿಯನ್ನು ತಿದ್ದುವದು ಚೆನ್ನೆಂದು ನನ್ನ ಅಭಿಪ್ರಾಯ. ಹಳೆಯ ಕಡತವೊಂದರ ಚಿತ್ರವನ್ನೂ ಜೊತೆಗೆ ಇಟ್ಟೆವು.

ಕೆಲವು ದೋಷಗಳು ಫಾಂಟಿನವು ಅಲ್ಲವೆಂಬದನ್ನೂ ಈ ಕೆಲಸದಲ್ಲಿ ಕಲಿತೆವು. ಹುಡುಗಿಯು ಒಂದು ಹೆಸರನ್ನು ‘ರ‍್ಯಾಂಕ್’ ಎಂದಿಟ್ಟಳು. ಪೈಥಾನ್ ಎಂಬ ಭಾಷೆಯು 2008ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಅನ್ಯಲಿಪಿಯ ಹೆಸರುಗಳನ್ನು ಒಪ್ಪುವದು. ಆದರೂ ಈ ಹೆಸರನ್ನು ತಿರಸ್ಕರಿಸಿತು. ಕಾರಣವಿಷ್ಟೇ: ರಕಾರವು ಅರ್ಕಾವೊತ್ತಾಗದೆ ಹೀಗೆ ಮುಂದೆ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಧಿಚಿಹ್ನೆಯನ್ನು ಹಾಕಬೇಕಾಗುವದು, ಹೆಸರುಗಳಲ್ಲಿ ಅದೃಶ್ಯ ಚಿಹ್ನೆಯನ್ನು ಆ ಭಾಷೆ ಸಹಿಸದು. ಇದನ್ನು ನಮ್ಮ ಅರ್ಜಿಯಲ್ಲಿ ಸೇರಿಸಲಿಲ್ಲ. ಅದರ ಬಾಗಿಲು ಬೇರೆ.

ಕೋಡಿಂಗಿನ ಭಾಷೆಯೆಲ್ಲ ಇಂಗ್ಲಿಷೇ ಆಗಿರುವಾಗ ಇಷ್ಟೆಲ್ಲ ಪ್ರಯಾಸವೇಕೆ ಎಂದು ನನ್ನ ಮಿತ್ರರೊಬ್ಬರು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ವಿಧಿವಾಕ್ಯಗಳ ಮೂಲಶಬ್ದಗಳು ಇಂಗ್ಲಿಷಿನವು ಹೌದು. ಆದರೆ ಯಂತ್ರವು ಕೊನೆಗೆ ಮಾತಾಡಬೇಕಾದುದು ಯಾರೊಡನೆ? 2000ದ ಸುಮಾರಿಗೆ ಆರಂಭವಾದ ಭೂಮಿ ಯೋಜನೆಯಿಂದ ನಮ್ಮ ರೈತನ ಪಹಣಿಯು ಗಣಕದಿಂದಲೇ ಕನ್ನಡದಲ್ಲಿ ಬರುವದು. ಬಸ್ಸಿನ ತಿಕೀಟು, ರೇಶನ್ ಚೀಟಿ, ಪರೀಕ್ಷೆಯ ಅಂಕಪಟ್ಟಿ ಎಲ್ಲವುಗಳ ಹಿಂದೆಯೂ ಯಾರೋ ಬರೆದ ಕೋಡ್ ಇರುವದು. ಅದನ್ನು ಬರೆಯುವವನ ಕಿಟಕಿಯಲ್ಲಿ ದಕಾರ ಧಕಾರಗಳು ಒಂದೇ ಆಗಿ ಕಂಡರೆ, ತಪ್ಪು ಅವನ ಕಣ್ಣು ತಪ್ಪಿಸಿ ರೈತನ ಕಾಗದದ ಮೇಲೆ ಹೋಗಿ ಕೂಡ್ರುವದು. ಹೆಸರಿನ ಒಂದು ಅಕ್ಷರವನ್ನು ತಿದ್ದಿಸಲು ಎಷ್ಟು ಸಾರೆ ಕಚೇರಿಗೆ ಅಲೆಯಬೇಕೆಂಬದನ್ನು ಗೃಹಸ್ಥರಿಗೆ ನಾನು ಹೇಳಬೇಕಾಗಿಲ್ಲ.

ಈ ಕೊರತೆಯು ನಮ್ಮೊಬ್ಬರದೇ ಅಲ್ಲ. ಮುಂಡಗೋಡದಲ್ಲಿ 1966ರಿಂದ ನೆಲಸಿರುವ ಟಿಬೇಟಿಯನ್ನರ ಲಿಪಿಯಲ್ಲಿಯೂ ಅಕ್ಷರದ ಕೆಳಗೆ ಅಕ್ಷರವು ಒತ್ತಾಗಿ ನಿಲ್ಲುವದು. ಅದೂ ನಮ್ಮ ಲಿಪಿಯಂತೆ ಬ್ರಾಹ್ಮಿಯ ಸಂತಾನವೇ. ಒಂದು ಲಿಪಿಗೆ ಕಂಡುಹಿಡಿದ ಉಪಾಯವು ನೆರೆಯ ಲಿಪಿಗೂ ದಾರಿಯಾಗುವದು. ಮುಕ್ತವಾದ ಕೆಲಸದ ಗುಣವೇ ಅದು.

ನಮ್ಮ ಹಾಳೆಗಳು ಹೋದ ಎರಡು ತಿಂಗಳಿಗೆ ರೂಪಕಾರನಿಂದ ಮೊದಲ ಕರಡು ಬಂದಿತು. ಮಹಾಪ್ರಾಣದ ಸೀಳು ಈಗ ಕಾಣುವದು. ಱ, ೞ ಎರಡೂ ಬಂದಿವೆ. ‘ಕಾರ್ತ್ಸ್ನ್ಯ’ವು ಇನ್ನೂ ಕೆಳಗಿನ ಸಾಲಿಗೆ ಕಾಲು ಚಾಚುತ್ತಿದೆ, ಮೂರು ಮನೆಯ ಪದ್ಧತಿಗೆ ಕಿಟಕಿಯವರ ಒಪ್ಪಿಗೆಯೂ ಬೇಕಂತೆ, ಓರೆಯಕ್ಷರವನ್ನು ಮುಂದೆ ನೋಡೋಣವೆಂದಿರುವನು. ಕೊಂಕಣಿಯ ಅನುನಾಸಿಕಕ್ಕೆ ಅಚ್ಚಾದ ಮಾದರಿಗಳನ್ನು ಇನ್ನಷ್ಟು ಕೇಳಿರುವನು. ಅವನ್ನು ಹುಡುಕಲು ಹುಡುಗಿಯು ಕಳೆದ ಆದಿತ್ಯವಾರ ಕೊಂಕಣಿ ಮಾತಾಡುವ ತನ್ನ ಗೆಳತಿಯ ಅಜ್ಜಿಯ ಮನೆಗೆ ಹೋಗಿಬಂದಳು. ಕನ್ನಡ ಇಂಥ ಕೆಲಸಕ್ಕೆ ಬರುವದಿಲ್ಲವೆಂಬ ಮಾತನ್ನು ಅವಳ ಬಾಯಿಂದ ನಾನು ಮತ್ತೆ ಕೇಳಲಿಲ್ಲ.

ಅಳದಿದ್ದರೆ ತಾಯಿಯೂ ಹಾಲೂಡಳೆಂಬ ಮಾತುಂಟು. ಆದರೆ ಇಲ್ಲಿ ಬರಿಯ ಅಳು ಸಾಲದು. ಇಂಥ ಅಕ್ಷರ, ಇಂಥ ಜಾಗ, ಇಂಥ ಪ್ರಮಾಣ ಎಂದು ಎಣಿಸಿ ಹೇಳಬೇಕು. ಹಳೆಯ ಲಿಪಿಯ ಮರ್ಮವನ್ನು ಬಲ್ಲವರಲ್ಲಿ ಬಹುಜನರು ನನ್ನಂತೆ ಅರುವತ್ತರ ಆಚೆಯವರು. ಯಂತ್ರವನ್ನು ಬಲ್ಲ ಮೊಮ್ಮಕ್ಕಳು ಅದೇ ಮನೆಯ ಪಕ್ಕದ ಕೋಣೆಯಲ್ಲಿ ಕುಳಿತಿರುವರು. ವಾಚಕರ ಮನೆಗಳಲ್ಲಿ ಹಳೆಯ ಮುದ್ರಣದ ಪುಸ್ತಕಗಳಿದ್ದರೆ, ಅಜ್ಜನ ಕಾಲದ ಲೆಕ್ಕದ ಕಡತಗಳಿದ್ದರೆ, ಅವನ್ನು ರದ್ದಿಗೆ ಹಾಕುವ ಮೊದಲು ಒಂದು ಸಾರೆ ಆ ಮಕ್ಕಳನ್ನು ಕರೆದು ತೋರಿಸಬೇಕೆಂದು ನನ್ನ ವಿಜ್ಞಾಪನೆ. ಕರಡು ಹಾಳೆಯ ತಪ್ಪುಗಳನ್ನು ಹುಡುಕಿಕೊಡುವಷ್ಟು ವೇಳೆಯು ನಿವೃತ್ತರಾದ ನಮ್ಮೆಲ್ಲರಲ್ಲಿಯೂ ಇರುವದು.